ಅಷ್ಟೂರದ ಗುಮ್ಮಟವೂ ಉದ್ದನೆಯ ಮಸೂರವೂ

ಈ ಸಾರೆ ಕಾವ್ಯವನ್ನೂ ಶಾಸ್ತ್ರವನ್ನೂ ಒತ್ತಟ್ಟಿಗಿರಿಸಿ ಒಂದು ಯಂತ್ರದ ಮಾತನ್ನು ಹೇಳಬೇಕಾಗಿ ಬಂದಿದೆ. ಸಂಸ್ಕೃತ ಕಲಿಸಿ ನಿವೃತ್ತನಾದ ಮಾಸ್ತರನಿಗೆ ಕ್ಯಾಮೆರಾದ ಗೊಡವೆ ಏತಕ್ಕೆಂದು ನೀವು ಕೇಳಬಹುದು. ನನ್ನ ಮನೆಯವರೂ ಅದನ್ನೇ ಕೇಳಿದರು. ಆದರೆ ಎರಡು ತಿಂಗಳಿನಿಂದ ನಮ್ಮಲ್ಲಿ ಊಟಕ್ಕೆ ಕುಳಿತಾಗಲೆಲ್ಲ ಅದೊಂದೇ ವಾದ ನಡೆದು, ಕಡೆಗೆ ಪಂಚಾಯತಿಯು ನನ್ನ ತಲೆಗೆ ಬಂದಿತು. ಆ ಪಂಚಾಯತಿಯನ್ನು ಬಗೆಹರಿಸಲು ಹೋದ ನಾನು, ಮೂವತ್ತು ವರುಷ ವಿದ್ಯಾರ್ಥಿಗಳಿಗೆ ಹೇಳಿಕೊಂಡು ಬಂದಿದ್ದ ಒಂದು ತಪ್ಪನ್ನು ಕಂಡುಕೊಂಡೆನು. ಆದುದರಿಂದ ಬರೆಯುತ್ತಿರುವೆನು.

ನನ್ನ ತಮ್ಮನ ಮಗನು ತನ್ನ ಸಂಬಳದಲ್ಲಿ ಉಳಿಸಿದ ಹಣದಿಂದ ಒಂದು ಕ್ಯಾಮೆರಾವನ್ನೂ 300 ಮಿಲಿಮೀಟರಿನ ಉದ್ದನೆಯ ಮಸೂರವನ್ನೂ ಕೊಂಡು ತಂದನು. ಈ ಕ್ಯಾಮೆರಾದಲ್ಲಿ ಬೆಳಕನ್ನು ಹಿಡಿಯುವ ಫಲಕವು, ಅಂದರೆ ಸೆನ್ಸರು, ಸಣ್ಣ ಜಾತಿಯದು. ಮಾರಿದವನು, "ಮುನ್ನೂರರ ಮಸೂರವು ಈ ಕ್ಯಾಮೆರಾಕ್ಕೆ ಹಾಕಿದೊಡನೆ ನಾಲ್ಕುನೂರ ಐವತ್ತಾಗುತ್ತದೆ" ಎಂದು ಹೇಳಿ ಕಳುಹಿಸಿದ್ದನಂತೆ. ನನ್ನ ತಮ್ಮನು ಬೀಜ ಗೊಬ್ಬರದ ವ್ಯಾಪಾರಸ್ಥನು. "ಮುನ್ನೂರು ತೂಕದ ಮಾಲು ನಾಲ್ಕುನೂರ ಐವತ್ತು ತೂಗಿದರೆ ತಕ್ಕಡಿಯಲ್ಲಿ ಮೋಸವಿರಲೇಬೇಕು" ಎಂದು ಅವನು ಮೊದಲ ದಿನವೇ ಅಂದುಬಿಟ್ಟನು. ತಿಂಗಳು ಕಳೆಯುವಷ್ಟರಲ್ಲಿ ಹುಡುಗನ ಮುಖವೂ ಬಾಡಿತು. ಔರಾದದ ದಾರಿಯ ಹೊಲಗಳಲ್ಲಿ ಕೃಷ್ಣಮೃಗಗಳ ಹಿಂಡನ್ನು ಕಂಡು ತೆಗೆದ ಚಿತ್ರಗಳೆಲ್ಲ ಹತ್ತು ಸಾರೆ ಒಗೆದ ಅರಿವೆಯಂತೆ ಮಂಕಾಗಿದ್ದವು. ನಮ್ಮ ಕಡೆ ಈ ಪ್ರಾಣಿಗೆ ಚಿಗರಿ ಎನ್ನುವರು. "ದೊಡ್ಡಪ್ಪಾ, ಚಿಗರಿ ಹೊಗಿ ಒಳಗ ನಿಂತಂಗ ಕಾಣ್ತದ ನೋಡ್ರಿ. ಸಣ್ಣ ಸೆನ್ಸರಿನ ಹಣೇಬರಹಾನೇ ಇಷ್ಟು" ಎಂದು ಅವನು, ಇದನ್ನು ಮಾರಿ, ಮೇಲೆ ಲಕ್ಷಕ್ಕೂ ಮೀರಿ ಸಾಲಮಾಡಿ, ದೊಡ್ಡ ಫಲಕದ ಕ್ಯಾಮೆರಾವನ್ನು ಕೊಳ್ಳಬೇಕೆಂದು ಹಟಹಿಡಿದನು. ತಂದೆ ಒಲ್ಲೆನೆಂದನು. ತಾಯಿಯು ಎರಡೂ ಕಡೆ ನೋಡಿ ಸುಮ್ಮನಾದಳು. ದೊಡ್ಡಪ್ಪನು ಹೇಳಿದಂತಾಗಲಿ ಎಂದು ಗೊತ್ತಾಯಿತು.

ನನಗೆ ಗೊತ್ತಿದ್ದ ಮಟ್ಟಿಗೆ ಪ್ರಯೋಗ ಮಾಡಿ ನೋಡುವುದೇ ಲೇಸೆಂದು, ಅಕ್ಷರ ಓದಲು ಬಳಸುವ ನನ್ನ ಭೂತಗನ್ನಡಿಯನ್ನು ತೆಗೆದೆನು. ಇದನ್ನು ವಾಚಕರೂ ಮನೆಯಲ್ಲಿ ಮಾಡಿ ನೋಡಬಹುದು, ಖರ್ಚಿಲ್ಲ. ಬೆಳಗಿನ ಹೊತ್ತು ಕಿಡಿಕಿಗಳನ್ನೆಲ್ಲ ಮುಚ್ಚಿ, ಅಂಗಳದ ಕಡೆಯ ಬಾಗಿಲೊಂದನ್ನು ತೆರೆದಿಟ್ಟು, ಎದುರಿನ ಗೋಡೆಗೆ ಒಂದು ಪೋಸ್ಟ್‌ಕಾರ್ಡನ್ನು ಅಂಟಿಸಿ, ಅದರ ಮುಂದೆ ಗೇಣುದ್ದದ ಅಂತರದಲ್ಲಿ ಕನ್ನಡಿಯನ್ನು ಹಿಡಿದರೆ, ಹೊರಗಿನ ಬೇವಿನ ಮರವು ಅಂಗೈಯಷ್ಟಾಗಿ ತಲೆಕೆಳಗಾಗಿ ಕಾರ್ಡಿನ ಮೇಲೆ ಬೀಳುವುದು. ಈಗ ಪೋಸ್ಟ್‌ಕಾರ್ಡನ್ನು ಕಿತ್ತು, ಅದೇ ಜಾಗದಲ್ಲಿ ಅದರ ಅರ್ಧದಷ್ಟು ಚೀಟಿಯನ್ನು ಅಂಟಿಸಿರಿ. ಮರವು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಚೀಟಿಯ ಅಂಚಿನಾಚೆ ಬಿದ್ದ ತುಳಸಿಕಟ್ಟೆಯೂ ಕಾಂಪೌಂಡಿನ ಗೋಡೆಯೂ ಮಾತ್ರ ಕಾಣದಾಗುವವು. ಸಣ್ಣ ಫಲಕವು ಮಾಡುವ ಕೆಲಸವು ಇದಿಷ್ಟೇ. ಮುಂದೆ ಆ ಚೀಟಿಯ ಚಿತ್ರವನ್ನೂ ಕಾರ್ಡಿನ ಚಿತ್ರವನ್ನೂ ಒಂದೇ ಅಳತೆಯ ಪರದೆಯಲ್ಲಿ ಹಿಗ್ಗಿಸಿ ತೋರಿಸಿದಾಗ, ಚೀಟಿಯ ಮರವು ದೊಡ್ಡದಾಗಿ ತೋರುವುದು ಸಹಜ. ಮಸೂರದ ಸಂಗಮದೂರವು 300 ಇದ್ದದ್ದು 300 ಆಗಿಯೇ ಉಳಿಯುವುದು.

ಹಾಗಾದರೆ 450 ಎಂಬುದು ಎಲ್ಲಿಂದ ಬಂದಿತು? ಜರ್ಮನಿಯ ಲೈಕಾ ಎಂಬ ಕ್ಯಾಮೆರಾವು 1925ರಲ್ಲಿ ಮಾರಾಟಕ್ಕೆ ಬಂದಾಗ, ಸಿನೆಮಾದ ಫಿಲ್ಮಿನ ಮೇಲೆ 36 ಮಿಲಿಮೀಟರು ಅಗಲ 24 ಮಿಲಿಮೀಟರು ಎತ್ತರದ ಚಿತ್ರವನ್ನು ತೆಗೆಯುವ ರೂಢಿಯನ್ನು ಬಲಪಡಿಸಿತು. ಆ ಅಳತೆಯೇ ಇಂದಿಗೂ ಹೋಲಿಕೆಯ ಮಾನದಂಡವಾಗಿ ನಿಂತಿದೆ. ನಮ್ಮ ಹುಡುಗನ ಕ್ಯಾಮೆರಾದ ಫಲಕವು 23.5 ಅಗಲ, 15.6 ಎತ್ತರ. 36ನ್ನು 23.5ರಿಂದ ಭಾಗಿಸಿದರೆ ಒಂದೂವರೆಗೆ ಹತ್ತಿರದ ಸಂಖ್ಯೆ ಬರುವುದು. "ದೊಡ್ಡ ಫಲಕದ ಮೇಲೆ 450ರ ಮಸೂರವು ಎಷ್ಟು ಕಿರಿದಾದ ನೋಟವನ್ನು ಕೊಡುವುದೋ, ಸಣ್ಣದರ ಮೇಲೆ 300 ಅಷ್ಟನ್ನೇ ಕೊಡುವುದು" ಎಂಬುದು ಸರಿಯಾದ ವಾಕ್ಯ. ಇದು ಉಪಮೆ. ಮುಖವು ಚಂದ್ರನಂತಿದೆ ಎಂದರೆ ಉಪಮೆ, ಮುಖವೇ ಚಂದ್ರನೆಂದರೆ ರೂಪಕ. ಅಂಗಡಿಕಾರನು ಉಪಮೆಯನ್ನು ರೂಪಕವೆಂದು ಮಾರಿದನು, ಅಷ್ಟೇ. ಅಲಂಕಾರಶಾಸ್ತ್ರವನ್ನು ಓದಿದ್ದು ಇಷ್ಟು ವರುಷಕ್ಕೆ ಮನೆಯ ಕೆಲಸಕ್ಕೆ ಬಂದಿತೆಂದು ನಾನು ನಕ್ಕೆನು; ತಮ್ಮನು ನಗಲಿಲ್ಲ.

ಈ ರೂಪಕದ ಅತಿರೇಕವನ್ನು ನೋಡಬೇಕಾದರೆ 2018ರಲ್ಲಿ ಬಂದ ನಿಕಾನ್ ಪಿ-1000 ಎಂಬ ಕ್ಯಾಮೆರಾವನ್ನು ನೋಡಬೇಕು. ಅದರ ನೋಟವನ್ನು 3000 ಮಿಲಿಮೀಟರಿಗೆ ಸಮವೆಂದು ಹೇಳುವರು, ಮತ್ತು ಹೋಲಿಕೆಯ ಅರ್ಥದಲ್ಲಿ ಅದು ನಿಜ. ಆದರೆ ಮಸೂರದ ನಿಜವಾದ ಸಂಗಮದೂರವು ಅದರ ಕೊನೆಯಲ್ಲಿ 539 ಮಾತ್ರ. ಫಲಕವು ಸುಮಾರು 6.2 ಅಗಲ, 4.6 ಎತ್ತರ, ದೊಡ್ಡ ಫಲಕದ ಮೂವತ್ತರಲ್ಲಿ ಒಂದು ಪಾಲು ಕ್ಷೇತ್ರ. ಉಗುರಿನಷ್ಟೂ ಇಲ್ಲದ ಜಾಗದಲ್ಲಿ ಒಂದು ಕೋಟಿ ಅರುವತ್ತು ಲಕ್ಷ ಬಿಂದುಗಳನ್ನು ಜೋಡಿಸಿರುವರು. ಹೈದರಾಬಾದಿನ ನಿಜಾಮರ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರು (1844–1905) ಅಂಗೈಗಿಂತ ದೊಡ್ಡ ಗಾಜಿನ ಫಲಕಗಳನ್ನು ಪೆಟ್ಟಿಗೆಗಟ್ಟಲೆ ಹೊತ್ತುಕೊಂಡು ತಿರುಗಿದ ನಾಡಿನಲ್ಲಿ ಈ ಮಾತು ಸೋಜಿಗವೇ ಸರಿ.

ಇಷ್ಟಾದರೂ ಸಣ್ಣ ಫಲಕದಿಂದ ಏನೂ ಲಾಭವಿಲ್ಲವೆನ್ನಲಾಗದು. ಚಿಗರಿಯ ಲೆಕ್ಕವನ್ನೇ ಮಾಡೋಣ. ಭುಜದ ಎತ್ತರ 80 ಸೆಂಟಿಮೀಟರು ಎಂದು ಹಿಡಿದು, ಅದು 100 ಮೀಟರು ದೂರದಲ್ಲಿ ನಿಂತಿದ್ದರೆ, 300ರ ಮಸೂರವು ಅದನ್ನು ಫಲಕದ ಮೇಲೆ 2.4 ಮಿಲಿಮೀಟರು ಎತ್ತರದ ಬಿಂಬವಾಗಿ ಬೀಳಿಸುವುದು. ಫಲಕವು ಸಣ್ಣದಿರಲಿ ದೊಡ್ಡದಿರಲಿ, ಬಿಂಬವು 2.4 ಮಿಲಿಮೀಟರೇ. ಪ್ರಶ್ನೆಯೇನೆಂದರೆ, ಆ ಬಿಂಬದ ಕೆಳಗೆ ಎಷ್ಟು ಬಿಂದುಗಳು ಕುಳಿತಿವೆ? ಎರಡೂ ಫಲಕಗಳಲ್ಲಿ ಅಡ್ಡಲಾಗಿ ಆರು ಸಾವಿರ ಬಿಂದುಗಳಿದ್ದರೆ, ದೊಡ್ಡದರಲ್ಲಿ ಚಿಗರಿಯ ಎತ್ತರಕ್ಕೆ 400 ಬಿಂದುಗಳು, ಸಣ್ಣದರಲ್ಲಿ 600ಕ್ಕೆ ಮೇಲೆ. ಒತ್ತಾಗಿ ಬಿತ್ತಿದ ಹೊಲದಲ್ಲಿ ಒಂದೇ ಅಳತೆಯ ಮಡಿಗೆ ಹೆಚ್ಚು ಸಸಿ ಇದ್ದಂತೆ. ಲಾಭವು ಇಲ್ಲಿರುವುದೇ ಹೊರತು ಕತ್ತರಿಸಿದ್ದರಲ್ಲಿ ಇಲ್ಲ. ಬೀಜದ ಮಾತು ಬಂದುದರಿಂದ ನನ್ನ ತಮ್ಮನಿಗೆ ಇದು ತಟ್ಟನೆ ತಿಳಿಯಿತು.

ಬೆಳಕಿನ ಲೆಕ್ಕವು ಇದಕ್ಕಿಂತ ಬೇರೆ. ಚಿಗರಿಯ ಮೈಯಿಂದ ಹೊರಟ ಬೆಳಕಿನಲ್ಲಿ ನಮಗೆ ದೊರೆಯುವ ಪಾಲನ್ನು ನಿಶ್ಚಯಿಸುವುದು ಮಸೂರದ ಬಾಯಿಯ ಅಗಲ. 300ನ್ನು ಎಫ್ 5.6ರಿಂದ ಭಾಗಿಸಿರಿ: ಬಾಯಿಯು ಸುಮಾರು 54 ಮಿಲಿಮೀಟರು. ಬಾವಿಗೆ ಇಳಿಸಿದ ಕೊಡವು ಎಷ್ಟು ದೊಡ್ಡದೋ ಅಷ್ಟೇ ನೀರು. ಮನೆಯಲ್ಲಿ ಹಂಡೆಯು ದೊಡ್ಡದಿದ್ದ ಮಾತ್ರಕ್ಕೆ ಕೊಡದಲ್ಲಿ ಹೆಚ್ಚು ನೀರು ಬಾರದು. ಇದೇ ಮಸೂರವನ್ನು ದೊಡ್ಡ ಫಲಕದ ಕ್ಯಾಮೆರಾಕ್ಕೆ ಹಾಕಿ, ಚಿಗರಿಯ ಸುತ್ತಲಿನ ಬಯಲನ್ನು ಆಮೇಲೆ ಕತ್ತರಿಸಿದರೆ, ಚಿಗರಿಗೆ ದೊರೆತ ಬೆಳಕು ಅಷ್ಟಕ್ಕಷ್ಟೇ. ದೊಡ್ಡ ಫಲಕದ ನಿಜವಾದ ಸುಖ ಬೇಕಾದರೆ 450ರ ಮಸೂರವನ್ನೇ ಕೊಳ್ಳಬೇಕು. ಅದೇ ಎಫ್ 5.6 ಆದರೆ ಅದರ ಬಾಯಿ 80 ಮಿಲಿಮೀಟರು, ಬೆಳಕು ಎರಡೂ ಕಾಲು ಪಟ್ಟು. ಭಾರವೂ ಬೆಲೆಯೂ ಅದಕ್ಕೆ ತಕ್ಕಂತೆ. ಹುಡುಗನು ಮಾಡಹೊರಟಿದ್ದ ಸಾಲವು ಕ್ಯಾಮೆರಾದ ಬೆಲೆಗೆ ಮಾತ್ರ ಸಾಕಾಗುವಂಥದು. ಅಂದರೆ ಹಂಡೆಗೆ ಸಾಲ, ಕೊಡ ಹಳೆಯದೇ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ.

"ಹಂಗಾದ್ರ ಚಿಗರಿ ಯಾಕ ಮಂಕಾತು?" ಎಂದು ಮೆಲ್ಲಗೆ ಕೇಳಿದನು. ಅದು ನ್ಯಾಯವಾದ ಪ್ರಶ್ನೆ.

ಚಿತ್ರಗಳನ್ನು ಒಂದೊಂದಾಗಿ ತೆರೆದು, ಯಂತ್ರವು ತಾನೇ ಬರೆದಿಟ್ಟುಕೊಂಡಿದ್ದ ವಿವರಗಳನ್ನು ಓದಿದೆವು. ಮೊದಲನೆಯದಾಗಿ, ಶಟರು ಸೆಕೆಂಡಿನ ನೂರರಲ್ಲಿ ಒಂದು ಪಾಲು ತೆರೆದಿತ್ತು. ಕೈಯಲ್ಲಿ ಹಿಡಿದು ತೆಗೆಯುವಾಗ ಕೈನಡುಕವು ಕಾಣದಿರಬೇಕಾದರೆ ಹೋಲಿಕೆಯ ಅಂಕವನ್ನೇ ಹಿಡಿಯುವುದು ವಾಡಿಕೆ: 450 ಎಂದರೆ ಸುಮಾರು ಐನೂರರಲ್ಲಿ ಒಂದು ಪಾಲು. ನೋಟವು ಎಷ್ಟು ಕಿರಿದೋ ನಡುಕವು ಅಷ್ಟು ಹಿರಿದು. ಕೈನಡುಕವನ್ನು ತಡೆಯುವ ಯುಕ್ತಿಯು ಮಸೂರದೊಳಗೇ ಇದೆಯೆಂದು ಹುಡುಗನು ವಾದಿಸಿದನು; ಇರಬಹುದು, ಅದು ಅವನ ಕೈಯನ್ನು ತಡೆಯುವುದು, ಚಿಗರಿಯ ಕಾಲನ್ನು ತಡೆಯುವುದೇ? ಎರಡನೆಯದಾಗಿ, ಹೆಚ್ಚು ಸ್ಪಷ್ಟವಾಗಲೆಂದು ಅವನು ಮಸೂರದ ಬಾಯಿಯನ್ನು ಎಫ್ 16ಕ್ಕೆ ಕಿರಿದುಗೊಳಿಸಿದ್ದನು. ಬೆಳಕು ಅಲೆಯ ಸ್ವಭಾವದ್ದಾದುದರಿಂದ ಕಿರಿದಾದ ಬಾಯಿಯನ್ನು ಹಾಯುವಾಗ ಹರಡಿಕೊಳ್ಳುವುದು. ಸೂಜಿಯ ಮೊನೆಯಂಥ ಚುಕ್ಕೆಯೂ ಫಲಕದ ಮೇಲೆ ಒಂದು ಬಿಲ್ಲೆಯಾಗುವುದು. ಹಸಿರು ಬೆಳಕಿಗೆ ಎಫ್ 16ರಲ್ಲಿ ಆ ಬಿಲ್ಲೆಯ ಅಗಲ ಮಿಲಿಮೀಟರಿನ ಸಾವಿರದಲ್ಲಿ 21 ಪಾಲು. ಇವನ ಫಲಕದ ಒಂದೊಂದು ಬಿಂದುವೂ ಹೆಚ್ಚುಕಡಮೆ 4 ಪಾಲು. ಐದು ಬಿಂದುಗಳ ಮೇಲೆ ಒಂದೇ ಚುಕ್ಕೆಯು ಹರಡಿ ಕುಳಿತರೆ ಕೂದಲು ಕಂಡೀತು ಹೇಗೆ? ಬಿಂದುಗಳು ಸಣ್ಣದಾದಷ್ಟೂ ಈ ದೋಷವು ಬೇಗ ಬಯಲಿಗೆ ಬೀಳುವುದು. ಮೇಲೆ ಹೇಳಿದ 3000ದ ಕ್ಯಾಮೆರಾದಲ್ಲಿ, ನೋಟವನ್ನು ತುದಿಮುಟ್ಟ ಎಳೆದಾಗ ಬಾಯಿಯು ಪೂರ್ತಿ ತೆರೆದಿದ್ದರೂ ಎಫ್ 8ರ ಬಿಲ್ಲೆಯು ಎಂಟು ಬಿಂದುಗಳಷ್ಟು ಅಗಲವಾಗಿರುವುದು. ಸಣ್ಣ ಫಲಕದವರು ಬಾಯಿಯನ್ನು ಎಫ್ 8ರಿಂದ ಮುಂದಕ್ಕೆ ಕಿರಿದುಮಾಡದಿರುವುದು ಒಳ್ಳೆಯದು.

ಮೂರನೆಯ ಕಾರಣವೇ ಬಲವಾದುದು. ಅವನು ಹೋಗಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ನಮ್ಮ ಬೀದರದ ಜಂಬಿಟ್ಟಿಗೆಯ ನೆಲವು ಕಾದಾಗ, ನೆಲಕ್ಕೆ ತಗಲಿದ ಗಾಳಿಯು ಕಾದು ತೆಳುವಾಗಿ ಮೇಲಕ್ಕೇಳುವುದು, ತಂಪಾದುದು ಕೆಳಕ್ಕಿಳಿಯುವುದು. ಬೆಳಕು ಆ ಪದರಗಳಲ್ಲಿ ಕ್ಷಣಕ್ಕೊಂದು ಸಾರೆ ಬಾಗುವುದು. ಬಯಲಿನಲ್ಲಿ ನೀರು ತೋರುವುದೂ ಇದರಿಂದಲೇ. ನಮ್ಮ ಹಿರಿಯರು ಇದಕ್ಕೆ ಮೃಗತೃಷ್ಣೆ, ಅಂದರೆ ಜಿಂಕೆಯ ಬಾಯಾರಿಕೆ, ಎಂದು ಹೆಸರಿಟ್ಟರು. ನೀರಡಿಸಿದ ಜಿಂಕೆಯು ಅದನ್ನು ನೀರೆಂದು ತಿಳಿದು ಓಡುವುದಂತೆ. ಇಲ್ಲಿ ಜಿಂಕೆಯು ನೆಮ್ಮದಿಯಾಗಿ ನಿಂತಿತ್ತು. ಓಡಿದವನು ನಮ್ಮ ಹುಡುಗ. ಉದ್ದನೆಯ ಮಸೂರವು ಚಿಗರಿಯನ್ನು ಹಿಗ್ಗಿಸುವಾಗ ನಡುವಿನ ನೂರು ಮೀಟರು ಕುದಿಯುವ ಗಾಳಿಯನ್ನೂ ಹಿಗ್ಗಿಸಿತು. ಇದಕ್ಕೆ ಫಲಕದ ದೊಡ್ಡತನದಿಂದ ಔಷಧವಿಲ್ಲ, ಹಣದಿಂದಲೂ ಇಲ್ಲ. ನಸುಕಿನಲ್ಲಿ, ನೆಲವು ಕಾಯುವ ಮೊದಲು, ಹೋಗಬೇಕು.

ಹತ್ತಿರ ಹೋದರೂ ಆಗುತ್ತದಲ್ಲ ಎಂದರೆ, ಹಾಗೂ ಅವನು ಮಾಡಿದ್ದನಂತೆ: ಕಡಲೆಯ ಹೊಲದಲ್ಲಿ ತೆವಳಿಕೊಂಡು ಹೋಗಿ ಹಿಂಡನ್ನೆಲ್ಲ ಎಬ್ಬಿಸಿ, ಹೊಲದೊಡೆಯನಿಂದ ಬೈಸಿಕೊಂಡು ಬಂದಿದ್ದನು. ಕೃಷ್ಣಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಚ್ಛೇದದಲ್ಲಿರುವ ಪ್ರಾಣಿ. ಕಾಯಿದೆಯ ಮಾತಿರಲಿ, ಹೆಣ್ಣು ಚಿಗರಿಯು ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುವುದು. ಹಿಂಡು ಚೆದರಿದರೆ ಮರಿಯ ಗತಿ? ಶಾಕುಂತಲದ ಮೊದಲನೆಯ ಅಂಕದಲ್ಲಿ ರಥ ಓಡಿಸಿಕೊಂಡು ಬಂದ ದುಷ್ಯಂತನನ್ನು ತಾಪಸನು ತಡೆಯುವುದನ್ನು ನಾನು ಎಷ್ಟೋ ಸಾರೆ ಪಾಠ ಮಾಡಿದ್ದೇನೆ. ಅಂದು ಬಾಣವಿತ್ತು. ಉದ್ದನೆಯ ಮಸೂರದ ಪುಣ್ಯವೇನಾದರೂ ಇದ್ದರೆ, ಪ್ರಾಣಿಗೆ ಅದರ ದೂರವನ್ನು ಬಿಟ್ಟುಕೊಡುವುದೇ.

ಆದರೆ ಹತ್ತಿರ ಹೋಗಲು ಬರುವಂತೆಯೇ ಇಲ್ಲದ, ಓಡಿಯೂ ಹೋಗದ ವಸ್ತುವೊಂದು ನಮ್ಮ ಮಗ್ಗುಲಲ್ಲೇ ಇತ್ತು. ಬೀದರದ ಪೂರ್ವಕ್ಕೆ ಹರದಾರಿಯೊಳಗೇ ಅಷ್ಟೂರ. ಅಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಹುಮಾಯೂನನ ಗುಮ್ಮಟವು ಸಿಡಿಲು ಬಡಿದು ಸೀಳಿತೆಂದು ಜನರು ಹೇಳುವರು. ಅರ್ಧ ಕೊಯ್ದ ಹಣ್ಣಿನಂತೆ ಒಳಗಿನ ಗೋಡೆಯ ದಪ್ಪವೆಲ್ಲ ಕಾಣುವುದು. ಎಲ್ಲಕ್ಕೂ ಹೆಸರಾದುದು 1436ರಲ್ಲಿ ತೀರಿಕೊಂಡ ಅಹಮದ್ ಶಾಹನದು. ಈತನನ್ನು ಮುಸಲ್ಮಾನರು ವಲಿಯೆಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ನಂಬಿ ನಡೆದುಕೊಳ್ಳುವರು. ಹೋಳಿಯ ತರುವಾಯ ನಡೆಯುವ ಉರುಸಿಗೆ ಕಲಬುರ್ಗಿಯ ಕಡೆಯ ಮಾಡ್ಯಾಳದಿಂದ ಜಂಗಮರು ಬರುವರು. ಒಳಗಿನ ಗೋಡೆಗಳ ಮೇಲೂ ಗುಮ್ಮಟದ ಹೊಟ್ಟೆಯಲ್ಲೂ ಬಂಗಾರದ ಬಣ್ಣ, ಕೆಂಪು, ನೀಲಿಗಳಿಂದ ಬಿಡಿಸಿದ ಬಳ್ಳಿಗಳೂ ಬರಹಗಳೂ ಇವೆ. ಆದರೆ ಒಳಗೆ ಕತ್ತಲೆ. ಬಾಗಿಲಿನ ಬಿಸಿಲನ್ನು ಕನ್ನಡಿಯಿಂದ ಮೇಲಕ್ಕೆ ಹೊಡೆದು ತೋರಿಸುವುದುಂಟು. ಆ ಬೆಳಕಿನ ತುಂಡು ಅಲ್ಲಾಡುತ್ತ ಓಡಾಡುವಷ್ಟರಲ್ಲಿ ನೋಡುವವನ ಕುತ್ತಿಗೆ ನೋಯುವುದು.

ಪ್ರತಿವರುಷವೂ ಏಳನೆಯ ತರಗತಿಯ ಮಕ್ಕಳನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆನು. ಮೇಲೆ ಕೋನಕೋನವಾಗಿ ಹೆಣೆದಂತೆ ತೋರುವ ಒಂದು ಪಟ್ಟಿಯನ್ನು ಬೆರಳಿನಿಂದ ತೋರಿಸಿ, "ಅದು ಜಾಲರಿಯ ಚಿತ್ರ, ಬರಿಯ ಅಂದಕ್ಕೆ ಬಿಡಿಸಿದ್ದು" ಎಂದು ಹೇಳುತ್ತಿದ್ದೆನು. ನನಗೆ ಹಾಗೆಂದು ಯಾರೂ ಹೇಳಿರಲಿಲ್ಲ. ಕಣ್ಣಿಗೆ ಹಾಗೆ ಕಂಡಿತು, ಹೇಳಿದೆನು. ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯರಾಗಿದ್ದ ಗುಲಾಂ ಯಜ್ದಾನಿಯವರು ಬೀದರದ ಸ್ಮಾರಕಗಳನ್ನು ಕುರಿತು ಬರೆದ ದೊಡ್ಡ ಗ್ರಂಥವು 1947ರಲ್ಲಿಯೇ ಪ್ರಕಟವಾಗಿತ್ತು. ನಮ್ಮ ಶಾಲೆಯ ಕಪಾಟಿನಲ್ಲಿ ಅದಿರಲಿಲ್ಲ, ನಾನು ಹುಡುಕಿಯೂ ಇರಲಿಲ್ಲ.

ಸಾಲದ ಮಾತು ತಣ್ಣಗಾದ ಮೇಲೆ ಒಂದು ಬೆಳಗ್ಗೆ ಹುಡುಗನೂ ನಾನೂ ಅಲ್ಲಿಗೆ ಹೋದೆವು. ಮುಕ್ಕಾಲಿಯನ್ನು ನಿಲ್ಲಿಸಬೇಕಾದರೆ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ನಾವು ಕೇಳಿರಲಿಲ್ಲವಾದುದರಿಂದ ಒಯ್ಯಲಿಲ್ಲ. ನನ್ನ ಶಲ್ಯವನ್ನು ನಾಲ್ಕು ಮಡಿಕೆ ಮಾಡಿ ನೆಲದ ಮೇಲೆ ಹಾಸಿ, ಕ್ಯಾಮೆರಾವನ್ನು ಅದರ ಮೇಲೆ ಅಂಗಾತ ಮಲಗಿಸಿದೆವು. ಮೇಲ್ಮುಖವಾದ ಮಸೂರವು ತನ್ನ ಭಾರಕ್ಕೆ ತಾನೇ ಒಳಕ್ಕೆ ಸರಿಯತೊಡಗಿತು. ಕೊತ್ತಂಬರಿಯ ಕಟ್ಟಿಗೆ ಹಾಕಿದ್ದ ರಬ್ಬರನ್ನು ಹುಡುಗನು ಚೀಲದಿಂದ ತೆಗೆದು ಅದಕ್ಕೆ ಬಿಗಿದನು. ಮಿಂಚುದೀಪವನ್ನು ಮುಟ್ಟಲಿಲ್ಲ; ಅಷ್ಟು ಎತ್ತರಕ್ಕೆ ಅದು ಮುಟ್ಟುವಂತೆಯೂ ಇಲ್ಲ, ಹಳೆಯ ಬಣ್ಣದ ಮೇಲೆ ಹೊಡೆಯತಕ್ಕದ್ದೂ ಅಲ್ಲ. ಎಫ್ 8, ಶಟರು ಎರಡು ಸೆಕೆಂಡು, ಗುಂಡಿಯನ್ನು ಒತ್ತಿದ ಹತ್ತು ಸೆಕೆಂಡಿನ ತರುವಾಯ ತಾನಾಗಿ ತೆರೆಯುವಂತೆ ಏರ್ಪಾಡು, ಕೈನಡುಕ ತಡೆಯುವ ಯುಕ್ತಿಗೆ ರಜೆ. ಚಿಗರಿಯ ಮುಂದೆ ಎರಡು ಸೆಕೆಂಡು ಎಂಬ ಮಾತೇ ಹುಚ್ಚುತನ. ಇಲ್ಲಿ ಚಿತ್ರವು ಸುಮಾರು ಆರುನೂರು ವರುಷದಿಂದ ಕಾದಿದೆ, ಇನ್ನೆರಡು ಸೆಕೆಂಡು ಕಾಯಲಾರದೇ? ಕಿರಿದಾದ ಬಾಯಿಯಿಂದ ಬಾರದ ಬೆಳಕು ಕಾಲದಿಂದ ಬಂದು ತುಂಬಿತು. ಕತ್ತಲೆಯಲ್ಲಿ ಸಣ್ಣ ಫಲಕದ ಚಿತ್ರಗಳಿಗೆ ಹತ್ತುವ ಹುಡಿಯಂಥ ಕಲೆಗಳೂ ಕಾಣಲಿಲ್ಲ. ತೊಂದರೆಯೆಂದರೆ ಗುರಿಯದು: ಇಪ್ಪತ್ತು ಮೀಟರು ದೂರದಲ್ಲಿ ಈ ಮಸೂರಕ್ಕೆ ಕಾಣುವುದು ಒಂದೂವರೆ ಮೀಟರು ಅಗಲದ ತುಂಡು ಮಾತ್ರ. ಶಲ್ಯದ ಮಡಿಕೆಯನ್ನು ಬೆರಳಷ್ಟು ಸರಿಸುವುದು, ಒತ್ತುವುದು, ಉಸಿರು ಬಿಗಿಹಿಡಿಯುವುದು, ಎತ್ತಿ ನೋಡುವುದು, ಬರಿಯ ಗಾರೆಯನ್ನು ಕಂಡು ಮತ್ತೆ ಮಲಗಿಸುವುದು. ಹೀಗೆ ಒಂದು ತಾಸು ಕಳೆಯಿತು.

ಕೊನೆಗೆ ಆ ಪಟ್ಟಿಯು ಸಿಕ್ಕಿತು. ಹುಡುಗನು ಪರದೆಯನ್ನು ನನ್ನ ಕನ್ನಡಕದ ಹತ್ತಿರಕ್ಕೆ ಹಿಡಿದನು. ಬಂಗಾರದ ಬಣ್ಣದ ಅಂಚು, ಅದರ ಮಗ್ಗುಲಲ್ಲಿ ಕುಂಚವು ತಿರುಗಿದ ಗುರುತು, ಒಂದು ಕಡೆ ಬಣ್ಣ ಉದುರಿ ಬೆಳ್ಳಗಾದ ಗಾರೆ. ನೋಡುತ್ತ ನೋಡುತ್ತ ನನಗೆ ಎದೆ ಝಲ್ಲೆಂದಿತು. ಜಾಲರಿಯ ಕಡ್ಡಿಗಳು ಒಂದೇ ಸಮನಾಗಿರಲಿಲ್ಲ. ಕೆಲವು ಎತ್ತರ, ಕೆಲವು ಗಿಡ್ಡ, ಕೆಲವು ನಡುವೆ ಗಂಟುಹಾಕಿಕೊಂಡು ಮುಂದಕ್ಕೆ ನಡೆದಿದ್ದವು. ಸಾಯಂಕಾಲ ಅದನ್ನು ಬೀದರದಲ್ಲಿರುವ ನನ್ನ ಸ್ನೇಹಿತರೊಬ್ಬರಿಗೆ ತೋರಿಸಿದೆನು. ಅವರು ಉರ್ದು ಶಾಲೆಯಲ್ಲಿ ಮಾಸ್ತರರಾಗಿದ್ದವರು. ಅವರು ಬಹಳ ಹೊತ್ತು ನೋಡಿ, ಬೆರಳನ್ನು ಬಲದಿಂದ ಎಡಕ್ಕೆ ಸರಿಸುತ್ತ, ಇದು ಕೂಫೀ ಲಿಪಿ, ಅರಬ್ಬೀ ಅಕ್ಷರ ಎಂದರು. ಪೂರ್ತಿ ಓದಬೇಕಾದರೆ ಮುಂದಿನ ತುಂಡು ಬೇಕು ಎಂದೂ ಹೇಳಿದರು. ಅಕ್ಷರ ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡವನು ಮೂವತ್ತು ವರುಷ ಅಕ್ಷರವನ್ನು ತೋರಿಸಿ ಅಕ್ಷರವಲ್ಲವೆಂದು ಹೇಳಿದ್ದನು. ಆ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ. ಮನೆಯವರು ಕಾರಣ ಕೇಳಿದರೆ ಕುತ್ತಿಗೆನೋವು ಎಂದೆನು.

ಮರುವಾರ ಉಳಿದ ತುಂಡುಗಳಿಗಾಗಿ ಮತ್ತೆ ಹೋದೆವು. ಈ ಸಾರೆ ತಮ್ಮನೂ ಬಂದಿದ್ದನು. ದಾರಿಯಲ್ಲಿ ಚಹಾದ ಅಂಗಡಿ ಇಟ್ಟುಕೊಂಡಿರುವವನು ನನ್ನ ಹಳೆಯ ವಿದ್ಯಾರ್ಥಿ. ಮನಸ್ಸು ತಡೆಯದೆ ಅವನಿಗೆ ಚಿತ್ರವನ್ನು ತೋರಿಸಿ, ಏಳನೆಯ ತರಗತಿಯಲ್ಲಿ ನಿನಗೆ ಜಾಲರಿಯೆಂದು ಹೇಳಿದ್ದು ತಪ್ಪು ನೋಡಪ್ಪಾ, ಇವು ಅಕ್ಷರಗಳು ಎಂದೆನು. ಅವನು ಕೈಯೊರೆಸಿಕೊಂಡು ಪರದೆಯನ್ನು ಹಿಡಿದು ನೋಡಿದನು.

"ಇರಲಿ ಬಿಡ್ರಿ ಗುರುಗಳೇ. ನೀವು ಮ್ಯಾಲ ತೋರಿಸ್ತಿದ್ರಿ, ನಾವೆಲ್ಲಾ ಬಾವಲಿ ಎಣಸ್ತಿದ್ವಿ" ಎಂದನು. ಆಮೇಲೆ, ಆ ಚಿತ್ರವನ್ನು ತನ್ನ ಮೊಬೈಲಿಗೆ ಕಳಿಸಲು ಬರುವುದೋ ಎಂದು ಹುಡುಗನನ್ನು ಕೇಳಿ, ಮೂರು ಕಪ್ಪು ಚಹಾವನ್ನು ತಂದಿಟ್ಟನು.